ಕಾರ್ಡಿನ ಮೊತ್ತ ಏರಿದರೆ ಸಾಲದು, ಔಷಧಿ ಬೆಲೆ ಇಳಿಯಬೇಕು

ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಆದರೆ ಔಷಧಿಯೇ ವಿಪರೀತ ದುಬಾರಿಯಾದರೆ ಆ 5 ಲಕ್ಷ ಎಷ್ಟು ದಿನ ಬಂದೀತು?

ಲಿವರ್, ಕಿಡ್ನಿ ಕ್ಯಾನ್ಸರಿಗೆ ಕೊಡುವ ನೆಕ್ಸಾವರ್ ಮಾತ್ರೆಗೆ ಹಿಂದೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಆಗುತ್ತಿತ್ತು. ಪೇಟೆಂಟ್ ಆಗ ಬೇಯರ್ ಕಂಪನಿಯದಾಗಿತ್ತು. 2012ರಲ್ಲಿ ಕೇಂದ್ರದ ಪೇಟೆಂಟ್ ಕಚೇರಿ, ಅದೇ ಔಷಧಿ ತಯಾರಿಸಲು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ‘ಕಡ್ಡಾಯ ಲೈಸೆನ್ಸ್’ ಕೊಟ್ಟಿತು. ನ್ಯಾಟ್ಕೊ ಮಾತ್ರೆಯ ಬೆಲೆ ಆಗ ತಿಂಗಳಿಗೆ ಸುಮಾರು 8,800 ರೂಪಾಯಿ ಇತ್ತು. ಬೇಯರಿಗೂ ರಾಯಧನ ಗೊತ್ತುಮಾಡಿದರು.

ಆಮೇಲೆ ಇನ್ಯಾವ ಔಷಧಿಗೂ ಇಂಥ ಲೈಸೆನ್ಸ್ ಸಿಕ್ಕಿಲ್ಲ. ಕಾನೂನು ಮಾತ್ರ ಇವತ್ತಿಗೂ ಇದೆ.

ಕಾರ್ಡಿನ ಮೊತ್ತ ಹೆಚ್ಚಿಸಿ ಎಂದು ನಾವೆಲ್ಲ ಕೇಳುತ್ತೇವೆ. ಬೆಲೆ ಇಳಿಯದಿದ್ದರೆ ಹೆಚ್ಚಿಸಿದ ದುಡ್ಡೂ ಕಂಪನಿಯ ಪಾಲು. ಲೋಕಸಭೆಗೆ ಓಟು ಕೇಳಲು ಬಂದವರನ್ನು ಇಷ್ಟು ಕೇಳೋಣ: ಆ ಕಾನೂನನ್ನು ಮತ್ತೆ ಯಾವಾಗ ಬಳಸುತ್ತೀರಿ?