ಮೆಟ್ಟುಕತ್ತಿಯ ಕಪ್ಪು, ತಾಂಬೂಲದ ಕೆಂಪು

ಬಾಳೆಯ ಪೂಂಬೆಯನ್ನು ಮೆಟ್ಟುಕತ್ತಿಯಲ್ಲಿ ಹೆಚ್ಚಿದರೆ ಅಲಗೂ ಬೆರಳೂ ಕಪ್ಪಾಗುತ್ತವೆ. ಮಂಗಳೂರಿನ ಅಡುಗೆಮನೆಗಳಲ್ಲಿ ಹೆಚ್ಚಿದ್ದನ್ನು ಕೂಡಲೇ ಮಜ್ಜಿಗೆ ನೀರಿಗೆ ಹಾಕುವುದು ಅದಕ್ಕೇ. ಗಾಳಿ ತಗುಲಿ ಒಗರಿನ ಅಂಶಗಳು ಕಂದುತ್ತವೆ. ಸಾಲದ್ದಕ್ಕೆ ಕತ್ತಿಯ ಕಬ್ಬಿಣವನ್ನೂ ಹಿಡಿದುಕೊಂಡು ಕಡುಗಪ್ಪಾಗುತ್ತವೆ. ಮಜ್ಜಿಗೆಯ ಹುಳಿ ಎರಡನ್ನೂ ತಗ್ಗಿಸುತ್ತದೆ.

ಒಗರಿನ ಈ ಅಂಶಗಳೇ ಪಾಲಿಫಿನಾಲ್‌ಗಳು. ಅವುಗಳಲ್ಲಿ ದೊಡ್ಡ ಪಂಗಡ ಫ್ಲೇವನಾಯ್ಡ್‌ಗಳದು. ಚಹಾದಲ್ಲೂ ಅಡಿಕೆಯಲ್ಲೂ ಇರುವ ಕೆಟೆಚಿನ್ ಇದೇ ಪಂಗಡಕ್ಕೆ ಸೇರಿದ್ದು. ಅದರ ಅಣುವಿನಲ್ಲಿ ಅಕ್ಕಪಕ್ಕ ಕುಳಿತ ಎರಡು ಹೈಡ್ರಾಕ್ಸಿಲ್ ಗುಂಪುಗಳು ಏಡಿಯ ಕೊಂಬಿನಂತೆ ಕಬ್ಬಿಣದ ಅಯಾನನ್ನು ಕಚ್ಚಿ ಹಿಡಿಯುತ್ತವೆ.

ಈ ಹಿಡಿತದಿಂದ ಏನು ಲಾಭ? ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದರೆ ಉತ್ಕರ್ಷಣೆ ಎಷ್ಟು ಜೋರಾಗುತ್ತದೆಂದು ಬ್ರಿಟಿಷ್ ರಸಾಯನಶಾಸ್ತ್ರಜ್ಞ ಫೆಂಟನ್ 1894ರಲ್ಲೇ ಬರೆದಿದ್ದ. ಆಗ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎದುರಿಗೆ ಸಿಕ್ಕ ಕೊಬ್ಬು, ಪ್ರೋಟೀನು, ಡಿಎನ್‌ಎ ಯಾವುದನ್ನೂ ಬಿಡದು. ಫ್ಲೇವನಾಯ್ಡ್ ಕಬ್ಬಿಣವನ್ನು ಸುತ್ತುಗಟ್ಟಿ ಹಿಡಿದರೆ ಪೆರಾಕ್ಸೈಡಿಗೆ ಅದು ಸಿಗುವುದಿಲ್ಲ. ಆದರೆ ಹಿಡಿತ ಸಡಿಲವಿದ್ದರೆ ಅದೇ ಫ್ಲೇವನಾಯ್ಡ್ ತನ್ನ ಎಲೆಕ್ಟ್ರಾನನ್ನು ಕೊಟ್ಟು, ಒಮ್ಮೆ ಬಳಕೆಯಾದ ಕಬ್ಬಿಣವನ್ನು ಮತ್ತೆ ಫೆಂಟನ್ ಕ್ರಿಯೆಗೆ ಸಜ್ಜುಗೊಳಿಸುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ‘ಆಂಟಿಆಕ್ಸಿಡೆಂಟ್’ ಎಂದು ಅಚ್ಚು ಹಾಕಿದ್ದನ್ನು ಕಂಡು ನಿಶ್ಚಿಂತರಾಗಬಾರದು. ಎಲ್ಲಿ, ಯಾವುದರ ಜೊತೆ, ಹುಳಿಯಲ್ಲೋ ಕ್ಷಾರದಲ್ಲೋ ಎಂದು ಕೇಳಲೇಬೇಕು.

ತಾಂಬೂಲವನ್ನೇ ನೋಡಿ. ಸುಣ್ಣ ಬಿದ್ದೊಡನೆ ಬಾಯಿಯ ರಸ ಕ್ಷಾರವಾಗುತ್ತದೆ. ಕ್ಷಾರದಲ್ಲಿ ಅಡಿಕೆಯ ಕೆಟೆಚಿನ್‌ಗಳು ಆಮ್ಲಜನಕಕ್ಕೆ ಬೇಗ ಬೇಗ ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ. ನಾವು ಮೆಚ್ಚುವ ಆ ಕೆಂಪು ಹುಟ್ಟುವುದು ಈ ಉತ್ಕರ್ಷಣೆಯಿಂದಲೇ. ಜೊತೆಗೆ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹುಟ್ಟುತ್ತವೆ. ಕಬ್ಬಿಣ, ತಾಮ್ರದ ಅಯಾನುಗಳಿದ್ದರೆ ಮುಂದಿನದು ಫೆಂಟನ್ ಹೇಳಿದ ದಾರಿ. ಅಡಿಕೆಯ ಕೇಡಿಗೆಲ್ಲ ಇದೊಂದೇ ಕಾರಣವಲ್ಲ, ಅರೆಕೊಲಿನ್‌ನಂಥ ಆಲ್ಕಲಾಯ್ಡ್‌ಗಳ ಪಾಲೂ ಇದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2004ರ ವರದಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲಿಟ್ಟಿತು. ಅಡಿಕೆ ನಮ್ಮ ಜಿಲ್ಲೆಯ ಅನ್ನ. ಬೆಳೆಗಾರರಿಗೆ ಆಸರೆಯಾಗಲೆಂದೇ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆ ಹುಟ್ಟಿತು. ಆ ಋಣ ನೆನೆದೂ ಬಾಯಿಯೊಳಗಿನ ರಸಾಯನವನ್ನು ಮುಚ್ಚಿಡುವುದು ನನಗೆ ಸರಿಕಾಣದು.

ಹೊಟ್ಟೆಯ ವಿಚಾರವೂ ಒಂದಿದೆ. ಊಟದ ಜೊತೆ ಕುಡಿದ ಚಹಾದ ಪಾಲಿಫಿನಾಲ್‌ಗಳು ಸೊಪ್ಪು, ಕಾಳಿನ ಕಬ್ಬಿಣವನ್ನು ಕರುಳು ಹೀರುವ ಮೊದಲೇ ಹಿಡಿದುಬಿಡುತ್ತವೆ. ಮೀನಿನ ಹೀಮ್ ಕಬ್ಬಿಣ ಇವುಗಳ ಕೈಗೆ ಅಷ್ಟಾಗಿ ಸಿಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಅಂಥವರು, ಅದರಲ್ಲೂ ಕಬ್ಬಿಣದ ಮಾತ್ರೆ ನುಂಗುವ ಗರ್ಭಿಣಿಯರು, ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಬೇಕು. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿಕೊಂಡರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ಕರುಳು ಹೀರಬಲ್ಲ ರೂಪದಲ್ಲಿ ಉಳಿಸುತ್ತದೆ.