ಪಿಸ್ತೂಲಿನ ತರಗತಿಯಲ್ಲಿ ಭಯದ ಪಾಠ

ನಮ್ಮ ನಾಡಿನ ವಿದ್ಯಾರ್ಥಿಗೆ ಬಂದೂಕಿನ ಪರಿಚಯವಾಗುವುದು ಹೆಚ್ಚೆಂದರೆ ಮೂರು ಕಡೆ. ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತ ಕಾವಲುಗಾರನ ಹೆಗಲಲ್ಲಿ. ಎನ್‌ಸಿಸಿ ಶಿಬಿರದಲ್ಲಿ ಸರದಿ ಬಂದಾಗ ಕೈಗೆ ಸಿಗುವ ಪಾಯಿಂಟ್ ಟೂ ಟೂ ರೈಫಲಿನಲ್ಲಿ. ಕೊಡಗಿನವರಾದರೆ ಕೈಲ್ ಮುಹೂರ್ತದ ದಿನ ಹೂವಿಟ್ಟು ಪೂಜಿಸುವ ಮನೆಯ ಕೋವಿಯಲ್ಲಿ. ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿ, ಮೇಲೆ ಅಂಗಿ ಇಳಿಬಿಟ್ಟುಕೊಂಡು ತರಕಾರಿ ತರಲು ಹೊರಡುವ ಗೃಹಸ್ಥ ನಮಗೆ ಸಿನಿಮಾದಲ್ಲೂ ಅಪರೂಪ. ಅಮೆರಿಕದಲ್ಲಿ ಅಂಥವರು ಲಕ್ಷಾಂತರ ಮಂದಿ ಇದ್ದಾರೆ. ಅವರಿಗಾಗಿ ತರಗತಿಗಳಿವೆ, ಪಠ್ಯವಿದೆ, ಪರೀಕ್ಷೆಯಿದೆ, ಅಂಕಗಳೂ ಇವೆ.

ಮಗನೋ ಮಗಳೋ ಮೇಲ್ವ್ಯಾಸಂಗಕ್ಕೆ ಅಮೆರಿಕಕ್ಕೆ ಹೊರಟು ನಿಂತಾಗ ನಮ್ಮ ತಂದೆತಾಯಿಯರಿಗೆ ಊಟ, ಚಳಿಯ ಚಿಂತೆಯ ಜೊತೆಗೆ ಈ ಪಿಸ್ತೂಲಿನ ಚಿಂತೆಯೂ ಕಾಡುತ್ತದೆ. ಹಾಗಾಗಿ ಆ ತರಗತಿಯೊಳಗೆ ಏನು ಕಲಿಸುತ್ತಾರೆ ಎಂಬುದನ್ನು ಇಣುಕಿ ನೋಡುವುದು ವ್ಯರ್ಥವಾಗಲಾರದು.

ಕಥೆ ಶುರುವಾಗುವುದು ಟೆಕ್ಸಾಸ್ ರಾಜ್ಯದ ಕಿಲೀನ್ ಎಂಬ ಊರಿನಲ್ಲಿ. 1991ರ ಅಕ್ಟೋಬರ್ 16ರಂದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಬ್ಬಾತ ಲೂಬೀಸ್ ಎಂಬ ಕೆಫೆಟೇರಿಯಾದ ಗಾಜಿನ ಗೋಡೆಗೆ ತನ್ನ ಟ್ರಕ್ಕನ್ನು ನುಗ್ಗಿಸಿ, ಕೆಳಗಿಳಿದು ಸಿಕ್ಕಸಿಕ್ಕವರ ಮೇಲೆ ಗುಂಡು ಹಾರಿಸಿದ. 23 ಮಂದಿ ಸತ್ತರು. ಕೊನೆಗೆ ಆತ ತನ್ನನ್ನೂ ಕೊಂದುಕೊಂಡ. ಅಲ್ಲಿ ತಂದೆತಾಯಿಯೊಡನೆ ಊಟಕ್ಕೆ ಕುಳಿತಿದ್ದ ಸುಝಾನಾ ಗ್ರೇಷಿಯಾ ಹಪ್ ಎಂಬಾಕೆಯ ಬಳಿ ಒಂದು ರಿವಾಲ್ವರ್ ಇತ್ತು. ಆದರೆ ಅದನ್ನು ಮೈಮೇಲೆ ಧರಿಸಲು ಅಂದಿನ ಕಾನೂನು ಬಿಡುತ್ತಿರಲಿಲ್ಲವಾದ್ದರಿಂದ ಆಕೆ ಅದನ್ನು ಕಾರಿನಲ್ಲೇ ಬಿಟ್ಟು ಬಂದಿದ್ದರು. ಹಂತಕನ ಮೇಲೆ ಬರಿಗೈಯಲ್ಲಿ ಏರಿಹೋದ ತಂದೆ ಗುಂಡಿಗೆ ಬಲಿಯಾದರು. ತಾಯಿಯೂ ತನ್ನ ಹಿಂದೆಯೇ ಬರುತ್ತಿದ್ದಾರೆಂದು ನಂಬಿ ಮಗಳು ಒಡೆದ ಕಿಟಕಿಯಿಂದ ಹೊರಗೆ ಓಡಿದರು. ತಾಯಿ ಬರಲಿಲ್ಲ, ಗಂಡನ ಬಳಿಯೇ ಉಳಿದು ಪ್ರಾಣ ಬಿಟ್ಟರು. ರಿವಾಲ್ವರ್ ಕೈಯಲ್ಲಿದ್ದಿದ್ದರೆ ಏನಾಗುತ್ತಿತ್ತೋ ಯಾರೂ ಹೇಳಲಾರರು. ಆದರೆ ಆ ಮಗಳ ಸಾಕ್ಷ್ಯ ಶಾಸಕರ ಮನಸ್ಸನ್ನು ಕಲಕಿತು. 1993ರಲ್ಲಿ ಗವರ್ನರ್ ಆ್ಯನ್ ರಿಚರ್ಡ್ಸ್ ತಡೆಹಿಡಿದಿದ್ದ ಕ್ರಮಕ್ಕೆ 1995ರಲ್ಲಿ ಅವರ ಉತ್ತರಾಧಿಕಾರಿ ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಹಾಕಿದರು. ತರಬೇತಿ ಪಡೆದು ಪರವಾನಗಿ ಗಳಿಸಿದವರು ಪಿಸ್ತೂಲನ್ನು ಮರೆಯಾಗಿ ಧರಿಸಬಹುದು ಎಂಬ ಕಾನೂನು ಟೆಕ್ಸಾಸಿನಲ್ಲಿ ಬಂದದ್ದು ಹೀಗೆ.

ಅಂದು 10ರಿಂದ 15 ಗಂಟೆಗಳಿದ್ದ ಆ ತರಗತಿ 2013ರ ನಂತರ 4ರಿಂದ 6 ಗಂಟೆಗೆ ಇಳಿದಿದೆ. ಸಾಮಾನ್ಯವಾಗಿ ಶನಿವಾರ ಬೆಳಿಗ್ಗೆ ಪಾಠ ನಡೆಯುತ್ತದೆ. ಬರುವವರಲ್ಲಿ ನಿವೃತ್ತ ಶಿಕ್ಷಕಿ ಇರಬಹುದು, ರಾತ್ರಿ ಪಾಳಿಯ ನರ್ಸ್ ಇರಬಹುದು, ಅಂಗಡಿ ಇಟ್ಟ ದಂಪತಿ ಇರಬಹುದು. ಹೊಸಬರು ಬಹುಮಟ್ಟಿಗೆ ಗುರಿ ಹೊಡೆಯುವುದನ್ನು ಕಲಿಯುವ ಹುಮ್ಮಸ್ಸಿನಲ್ಲಿ ಬಂದಿರುತ್ತಾರೆ. ಮೊದಲರ್ಧ ದಿನವೆಲ್ಲ ಪಿಸ್ತೂಲು ಪೆಟ್ಟಿಗೆಯೊಳಗೇ ಇರುವುದನ್ನು ಕಂಡು ಕೊಂಚ ನಿರಾಶರಾಗುತ್ತಾರೆ.

ಪಾಠ ಮೊದಲಾಗುವುದು ಸುರಕ್ಷತೆಯ ನಾಲ್ಕು ಸೂತ್ರಗಳಿಂದ. ಇವನ್ನು ಇಂದಿನ ರೂಪಕ್ಕೆ ತಂದವರು ಜೆಫ್ ಕೂಪರ್. ನೌಕಾಪಡೆಯ ಮರೀನ್ ದಳದಲ್ಲಿದ್ದು, 1976ರಲ್ಲಿ ಅರಿಝೋನಾ ರಾಜ್ಯದಲ್ಲಿ ಪಿಸ್ತೂಲು ಶಾಲೆಯೊಂದನ್ನು ತೆರೆದವರು. ಮೊದಲನೆಯ ಸೂತ್ರ, ಎಲ್ಲ ಬಂದೂಕುಗಳಲ್ಲೂ ಯಾವಾಗಲೂ ಗುಂಡು ತುಂಬಿದೆ ಎಂದೇ ತಿಳಿಯಬೇಕು. ಎರಡನೆಯದು, ನಾಶ ಮಾಡಲು ಮನಸ್ಸಿಲ್ಲದ ಯಾವುದರ ಕಡೆಗೂ ನಳಿಗೆಯನ್ನು ತಿರುಗಿಸಬಾರದು. ಮೂರನೆಯದು, ಗುರಿಯ ಮೇಲೆ ಕಣ್ಣು ನೆಡುವ ತನಕ ಬೆರಳು ಟ್ರಿಗರ್ ಮುಟ್ಟಬಾರದು. ನಾಲ್ಕನೆಯದು, ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಖಚಿತವಾಗಿ ಗೊತ್ತಿರಬೇಕು. ಮರದ ಚೌಕಟ್ಟಿಗೆ ತೆಳುವಾದ ಜಿಪ್ಸಂ ಹಲಗೆ ಹೊಡೆದು ಕಟ್ಟಿದ ಅಲ್ಲಿನ ಮನೆಗಳಲ್ಲಿ ಗುಂಡು ಗೋಡೆಯನ್ನು ತೂರಿ ಪಕ್ಕದ ಕೋಣೆಗೆ ಹೋಗಬಲ್ಲದು. ಆ ಕೋಣೆಯಲ್ಲಿ ಮಗು ಮಲಗಿರಬಹುದು.

ಮುಂದಿನದು ಕಾನೂನು. ಈ ತರಗತಿಯಲ್ಲಿ ಏನೇನು ಕಲಿಸಬೇಕೆಂದು ಟೆಕ್ಸಾಸಿನ ಶಾಸನವೇ ಪಟ್ಟಿ ಮಾಡಿದೆ. ಪ್ರಾಣಾಂತಕ ಬಲವನ್ನು ಯಾವಾಗ ಬಳಸಬಹುದು ಎಂಬುದು ಅದರಲ್ಲಿದೆ. ಮಕ್ಕಳ ಕೈಗೆ ಸಿಗದಂತೆ ಪಿಸ್ತೂಲನ್ನು ಇಡುವ ಬಗೆಯಿದೆ. ಅಚ್ಚರಿಯೆಂದರೆ, ಜಗಳವನ್ನು ಹಿಂಸೆಯಿಲ್ಲದೆ ಬಗೆಹರಿಸುವ ವಿಧಾನವೂ ಕಡ್ಡಾಯ ಪಾಠ! ಬರೀ ಬೈಗುಳಕ್ಕೆ ಬಲಪ್ರಯೋಗದಿಂದ ಉತ್ತರ ಕೊಡಲು ಆ ರಾಜ್ಯದ ದಂಡಸಂಹಿತೆ ಒಪ್ಪುವುದಿಲ್ಲ. ಆದ್ದರಿಂದ ಪಿಸ್ತೂಲು ಧರಿಸಿದವನು ಉಳಿದವರಿಗಿಂತ ಹೆಚ್ಚು ತಾಳ್ಮೆಯವನಾಗಿರಬೇಕು ಎಂದು ಬೋಧಕರು ಒತ್ತಿ ಹೇಳುತ್ತಾರೆ. ರಸ್ತೆಯಲ್ಲಿ ಯಾರೋ ಅಡ್ಡ ಬಂದರೆ ಬಾಯಿ ಮಾಡುವಂತಿಲ್ಲ, ಕೈ ಮುಗಿದು ಮುಂದೆ ಹೋಗಬೇಕು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂಬ ನಮ್ಮ ಗಾದೆ ಟೆಕ್ಸಾಸಿನ ಬೋಧಕರಿಗೆ ಗೊತ್ತಿರಲಾರದು. ಆದರೆ ಅವರು ಹೇಳುವುದು ಅದನ್ನೇ.

ಮಕ್ಕಳ ವಿಷಯ ತಂದೆತಾಯಿಯರು ಗಮನಿಸಬೇಕಾದ್ದು. ಗುಂಡು ತುಂಬಿದ ಬಂದೂಕು ನಿರ್ಲಕ್ಷ್ಯದಿಂದ 17 ವರ್ಷದೊಳಗಿನವರ ಕೈಗೆ ಸಿಗುವಂತಾದರೆ ಟೆಕ್ಸಾಸಿನಲ್ಲಿ ಅದು ಅಪರಾಧ. ಇನ್ನೊಂದು ಕಹಿ ಸತ್ಯವೂ ಇದೆ. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಕಳ್ಳನಿಗೆಂದು ತಂದಿಟ್ಟದ್ದು ಎಷ್ಟೋ ಸಲ ಮನೆಯವರನ್ನೇ ತಿನ್ನುತ್ತದೆ. ಬೀಗ ಹಾಕಿದ ಪೆಟ್ಟಿಗೆಯ ಪಾಠಕ್ಕೆ ಇಷ್ಟು ತೂಕ ಬಂದಿರುವುದು ಸುಮ್ಮನೆ ಅಲ್ಲ.

ಮಧ್ಯಾಹ್ನ ಗುಂಡು ಹಾರಿಸುವ ಅಂಗಳ. ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ. ಪರೀಕ್ಷೆಗೆ 50 ಗುಂಡುಗಳು: 3 ಗಜ ದೂರದಿಂದ 20, 7 ಗಜದಿಂದ 20, 15 ಗಜದಿಂದ 10. ಒಟ್ಟು 250 ಅಂಕಗಳಲ್ಲಿ 175 ಬಂದರೆ ಪಾಸು. ಇಷ್ಟು ಹತ್ತಿರದ ಗುರಿಯೇ ಎಂದು ನಗುವವರಿಗೆ ಬೋಧಕರ ಬಳಿ ಉತ್ತರವಿದೆ. ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ ಓಡಿಸಿ ಅಳೆದು 1983ರಲ್ಲಿ ಬರೆದ ಪ್ರಕಾರ, ಚಾಕು ಹಿಡಿದವನು 21 ಅಡಿಗಳನ್ನು, ಅಂದರೆ ಆ 7 ಗಜವನ್ನು, ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ಪಿಸ್ತೂಲು ಹೊರತೆಗೆಯುವುದರೊಳಗೆ ಆತ ಮೈಮೇಲೆ ಬಿದ್ದಿರುತ್ತಾನೆ. ಇದರಿಂದ ಕಲಿಯಬೇಕಾದದ್ದು ಬೇಗ ಗುಂಡು ಹಾರಿಸುವುದನ್ನಲ್ಲ. ಸುತ್ತಮುತ್ತ ಕಣ್ಣಿಟ್ಟು, ಅಪಾಯ ದೂರವಿದ್ದಾಗಲೇ ಗುರುತಿಸಿ, ಜಾಗ ಖಾಲಿ ಮಾಡುವುದನ್ನು. ಅದಕ್ಕೆ ಪಿಸ್ತೂಲೇ ಬೇಕಿಲ್ಲ.

ಅಂಗಳದಲ್ಲಿ ಕೆಲವು ಬೋಧಕರು ಒಂದು ಚಿಕ್ಕ ಆಟ ಹೂಡುತ್ತಾರೆ. ಶಿಷ್ಯನಿಗೆ ತಿಳಿಯದಂತೆ ಮ್ಯಾಗಝೀನಿನಲ್ಲಿ ನಿಜವಾದ ಗುಂಡುಗಳ ನಡುವೆ ಒಂದೆರಡು ಟೊಳ್ಳು ಗುಂಡು ಸೇರಿಸುತ್ತಾರೆ. ಶಿಷ್ಯ ಗುರಿಯಿಟ್ಟು ಟ್ರಿಗರ್ ಎಳೆಯುತ್ತಾನೆ. ಢಂ ಎನ್ನಬೇಕಾದ ಕಡೆ ಬರೀ ಟಿಕ್ ಎನ್ನುತ್ತದೆ. ಆಗ ಕಾಣುತ್ತದೆ ಗುಟ್ಟು: ಸದ್ದಿಲ್ಲದಿದ್ದರೂ, ಒದೆತವಿಲ್ಲದಿದ್ದರೂ ನಳಿಗೆ ತಟ್ಟನೆ ಕೆಳಕ್ಕೆ ಕುಸಿದಿರುತ್ತದೆ. ಬರಲಿರುವ ಸದ್ದಿಗೆ ಕೈ ಮೊದಲೇ ಬೆದರಿತ್ತು. ಗುಂಡುಗಳೆಲ್ಲ ಗುರಿಯ ಕೆಳಗೇ ಏಕೆ ಬೀಳುತ್ತಿದ್ದವು ಎಂಬುದು ಶಿಷ್ಯನಿಗೆ ಈಗ ಅರ್ಥವಾಗುತ್ತದೆ. ದೋಷ ಪಿಸ್ತೂಲಿನದಲ್ಲ, ಕಣ್ಣಿನದೂ ಅಲ್ಲ. ಭಯದ್ದು. ಇಡೀ ತರಗತಿಯ ತಿರುಳು ಈ ಒಂದು ಟಿಕ್ ಶಬ್ದದಲ್ಲಿದೆ ಎಂದರೂ ತಪ್ಪಿಲ್ಲ.

ಭಯ ಕೈಯನ್ನು ಆಳಿದಾಗ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಲೂಯಿಸಿಯಾನ ರಾಜ್ಯದಲ್ಲಿ ಒಂದು ನಿದರ್ಶನವಿದೆ. ಕಿಲೀನ್ ದುರಂತವಾಗಿ ಸರಿಯಾಗಿ ಒಂದು ವರ್ಷ, ಒಂದು ದಿನ ಕಳೆದಿತ್ತು. 1992ರ ಅಕ್ಟೋಬರ್ 17ರ ರಾತ್ರಿ, ಬ್ಯಾಟನ್ ರೂಜ್ ನಗರ. ವಿದ್ಯಾರ್ಥಿ ವಿನಿಮಯ ಯೋಜನೆಯಡಿ ಜಪಾನಿನಿಂದ ಬಂದಿದ್ದ 16 ವರ್ಷದ ಯೊಶಿಹಿರೊ ಹತ್ತೋರಿ, ತಾನು ತಂಗಿದ್ದ ಮನೆಯ ಹುಡುಗನೊಡನೆ ಹ್ಯಾಲೋವೀನ್ ಔತಣಕ್ಕೆ ಹೊರಟಿದ್ದ. ಬಿಳಿಯ ಕೋಟು ತೊಟ್ಟು ಸಿನಿಮಾ ನಾಯಕನ ವೇಷ ಹಾಕಿದ್ದ. ಹುಡುಗರು ಕೆಲವೇ ಮನೆಗಳ ಅಂತರದಲ್ಲಿ ತಪ್ಪಾದ ಮನೆಯ ಕರೆಗಂಟೆ ಒತ್ತಿದರು. ಪಕ್ಕದ ಬಾಗಿಲು ತೆರೆದ ಗೃಹಿಣಿ ಬೆಚ್ಚಿ, ಬಾಗಿಲು ಹಾಕಿ, ಪಿಸ್ತೂಲು ತರುವಂತೆ ಗಂಡನನ್ನು ಕೂಗಿದಳು. ಹುಡುಗರು ಹಿಂತಿರುಗಿ ಹೊರಟಿದ್ದರು. ಮತ್ತೆ ಬಾಗಿಲು ತೆರೆಯಿತು. ಔತಣದ ಮನೆಯವರೇ ಕರೆಯುತ್ತಿದ್ದಾರೆಂದು ಎಣಿಸಿದ ಯೊಶಿಹಿರೊ, ಔತಣಕ್ಕೆ ಬಂದಿದ್ದೇವೆ ಎನ್ನುತ್ತ ಮುಂದೆ ಬಂದ. ಮನೆಯೊಡೆಯ 'ಫ್ರೀಝ್' ಎಂದು ಕೂಗಿದ. ಹುಡುಗ ನಿಲ್ಲಲಿಲ್ಲ. ಒಂದೇ ಗುಂಡು, ಎದೆಗೆ.

'ಫ್ರೀಝ್' ಎಂದರೆ ನೀರು ಹೆಪ್ಪುಗಟ್ಟುವುದು ಎಂದು ಶಾಲೆಯಲ್ಲಿ ಕಲಿತ ಮಗುವಿಗೆ, ಅದೇ ಪದಕ್ಕೆ 'ಅಲುಗಾಡಿದರೆ ಗುಂಡು ಹೊಡೆಯುತ್ತೇನೆ' ಎಂಬ ಅರ್ಥವೂ ಇದೆಯೆಂದು ಯಾರು ಹೇಳಿಕೊಡಬೇಕು? ನಮ್ಮ ಪಠ್ಯಪುಸ್ತಕಗಳೂ ಹೇಳುವುದಿಲ್ಲ. ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಕಂಡು ಕೋಲು ಬೀಸಿದರೆ ನಷ್ಟವೇನಿಲ್ಲ. ಕೈಯಲ್ಲಿ ಪಿಸ್ತೂಲಿದ್ದರೆ ತಪ್ಪು ತಿದ್ದಿಕೊಳ್ಳಲು ಅವಕಾಶವೇ ಉಳಿಯುವುದಿಲ್ಲ. ಬಾಗಿಲನ್ನು ಮುಚ್ಚಿಯೇ ಇಟ್ಟು ಪೊಲೀಸರಿಗೆ ಫೋನ್ ಮಾಡಿದ್ದರೆ ಅಂದು ಯಾರೂ ಸಾಯುತ್ತಿರಲಿಲ್ಲ. ನಾಲ್ಕನೆಯ ಸೂತ್ರ ಹೇಳುವುದು ಅಷ್ಟನ್ನೇ: ಗುರಿ ಯಾವುದೆಂದು ಮೊದಲು ತಿಳಿ.

1993ರ ಮೇ ತಿಂಗಳಲ್ಲಿ ಜ್ಯೂರಿಯವರು ಮನೆಯೊಡೆಯನನ್ನು ಕ್ರಿಮಿನಲ್ ಮೊಕದ್ದಮೆಯಿಂದ ಬಿಡುಗಡೆ ಮಾಡಿದರು. ಆದರೆ ಹತ್ತೋರಿ ದಂಪತಿ ಹೂಡಿದ ಸಿವಿಲ್ ದಾವೆಯಲ್ಲಿ 1994ರಲ್ಲಿ ಆತನ ವಿರುದ್ಧ 6 ಲಕ್ಷ 50 ಸಾವಿರ ಡಾಲರ್ ಪರಿಹಾರದ ತೀರ್ಪಾಯಿತು. ಒಂದು ಗುಂಡಿಗೆ ಎರಡು ನ್ಯಾಯಾಲಯಗಳಲ್ಲಿ ಉತ್ತರ ಕೊಡಬೇಕಾಗುತ್ತದೆ ಎಂಬುದೂ ತರಗತಿಯಲ್ಲಿ ಕಲಿಯುವ ಪಾಠವೇ.

ಈಗ ತರಗತಿಗಳ ಸ್ಥಿತಿ ಏನು? ಅಮೆರಿಕದ ಒಂದೊಂದು ರಾಜ್ಯದಲ್ಲೂ ಒಂದೊಂದು ರೀತಿ. ಕಾರಣ ತೋರಿಸಿದವರಿಗೆ ಮಾತ್ರ ಪರವಾನಗಿ ಎನ್ನುತ್ತಿದ್ದ ನ್ಯೂಯಾರ್ಕಿನ ಹಳೆಯ ನಿಯಮವನ್ನು ಸುಪ್ರೀಂ ಕೋರ್ಟ್ 2022ರಲ್ಲಿ ರದ್ದು ಮಾಡಿದ ಮೇಲೆ, ಆ ರಾಜ್ಯ 16 ಗಂಟೆ ಪಾಠ, 2 ಗಂಟೆ ಗುಂಡು ಹಾರಿಸುವ ಅಭ್ಯಾಸವನ್ನು ಕಡ್ಡಾಯ ಮಾಡಿತು. ಇನ್ನೊಂದೆಡೆ 2024ರ ಹೊತ್ತಿಗೆ 29 ರಾಜ್ಯಗಳಲ್ಲಿ ಪರವಾನಗಿಯೇ ಬೇಡವೆಂದಾಗಿದೆ. ಟೆಕ್ಸಾಸ್ ಕೂಡ 2021ರ ಸೆಪ್ಟೆಂಬರಿನಿಂದ, ಕಾನೂನಿನ ಅಡ್ಡಿಯಿಲ್ಲದ 21 ವರ್ಷ ತುಂಬಿದವರಿಗೆ ಪರವಾನಗಿಯ ಕಡ್ಡಾಯವನ್ನು ಬಿಟ್ಟಿದೆ. ಎಂದರೆ ಅಲ್ಲಿ ತರಗತಿ ಈಗ ಬಹುಪಾಲು ಇಚ್ಛೆಗೆ ಬಿಟ್ಟದ್ದು. ಭಯದ ಪಾಠವನ್ನು ಕಲಿಯದೆಯೂ ಪಿಸ್ತೂಲು ಧರಿಸಬಹುದು. ಇದಕ್ಕೆ ವ್ಯತಿರಿಕ್ತವಾಗಿ ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಪರವಾನಗಿ ಪಡೆಯುವುದೇ ಕಷ್ಟ. 2016ರ ನಿಯಮಗಳು ಅದರ ಜೊತೆಗೆ ಸುರಕ್ಷತಾ ತರಬೇತಿಯನ್ನೂ ಸೇರಿಸಿವೆ.

ಹೊರಡಲಿರುವ ವಿದ್ಯಾರ್ಥಿಗಳು ಎರಡು ಮಾತು ತಿಳಿದಿರಬೇಕು. ಒಂದು, ಟೆಕ್ಸಾಸಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ 2016ರ ಆಗಸ್ಟ್ 1ರಿಂದ ಪರವಾನಗಿ ಇದ್ದವರು ಪಿಸ್ತೂಲನ್ನು ಮರೆಯಾಗಿ ಧರಿಸಿ ಕ್ಯಾಂಪಸ್ಸಿಗೆ ಬರಬಹುದು. ಪಕ್ಕದ ಬೆಂಚಿನವರ ಬಳಿ ಇದ್ದರೂ ಇರಬಹುದು. ಎರಡು, ವಿದ್ಯಾರ್ಥಿ ವೀಸಾ ಅಥವಾ ತಾತ್ಕಾಲಿಕ ಉದ್ಯೋಗದ ವೀಸಾ ಮೇಲೆ ಹೋದವರು ಬಂದೂಕನ್ನಾಗಲೀ ಗುಂಡನ್ನಾಗಲೀ ಹೊಂದುವುದು ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳಷ್ಟೇ ಇವೆ. ಸ್ನೇಹಿತರು ಮೋಜಿಗೆಂದು ಅಂಗಳಕ್ಕೆ ಕರೆದೊಯ್ದು ಕೈಗೆ ಪಿಸ್ತೂಲು ಕೊಟ್ಟರೂ ಅದು 'ಹೊಂದುವುದು' ಎಂದೇ ಆಗಬಹುದು. ಓದು, ವೀಸಾ, ಭವಿಷ್ಯ ಮೂರಕ್ಕೂ ಕುತ್ತು. ಆದ್ದರಿಂದ 'ರಕ್ಷಣೆಗೆ ಒಂದು ಇಟ್ಟುಕೊಳ್ಳಲೇ?' ಎಂದು ಮಗ ಫೋನಿನಲ್ಲಿ ಕೇಳಿದರೆ ತಂದೆತಾಯಿ 'ಬೇಡ' ಎನ್ನಲು ಎರಡು ಬಾರಿ ಯೋಚಿಸಬೇಕಿಲ್ಲ.

ಆದರೆ ತರಗತಿಯ ಉಳಿದ ಪಾಠಗಳಿಗೆ ಯಾವ ವೀಸಾದ ಅಡ್ಡಿಯೂ ಇಲ್ಲ. ನಡೆಯುವಾಗ ಫೋನಿನಲ್ಲಿ ಮುಳುಗದೆ ಸುತ್ತ ನೋಡುವುದು. ವಿಳಾಸ ಖಚಿತವಾಗದೆ ಅಪರಿಚಿತರ ಬಾಗಿಲು ತಟ್ಟದಿರುವುದು. 'ಫ್ರೀಝ್' ಎಂಬ ಕೂಗು ಕೇಳಿದರೆ ಇದ್ದಲ್ಲೇ ನಿಂತು ಕೈಗಳನ್ನು ಕಾಣುವಂತೆ ಎತ್ತುವುದು. ರಸ್ತೆಯ ಜಗಳದಲ್ಲಿ ಸೋತು ಬರುವುದು. ಅಪಾಯವೆನಿಸಿದರೆ 911ಕ್ಕೆ ಕರೆ ಮಾಡುವುದು. ಇವೆಲ್ಲ ಹೊರಡುವ ಮುನ್ನ ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಬಹುದಾದ ವಿಷಯಗಳು.

ಹತ್ತೋರಿ ದಂಪತಿಯ ಸಂಗತಿ ಹೇಳಿ ಮುಗಿಸಬೇಕು. ಅವರು ಜಪಾನಿನಲ್ಲಿ 17 ಲಕ್ಷ ಸಹಿಗಳನ್ನು ಸಂಗ್ರಹಿಸಿ, 1993ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅವರನ್ನು ಕಂಡು ಬಂದೂಕು ನಿಯಂತ್ರಣಕ್ಕೆ ಮನವಿ ಸಲ್ಲಿಸಿದರು. ಜೊತೆಗೆ ಮಗನ ಹೆಸರಿನಲ್ಲಿ ಒಂದು ನಿಧಿ ಕಟ್ಟಿದರು. ಅದು ಮಗನನ್ನು ಕೊಂದ ದೇಶದ ಹೈಸ್ಕೂಲು ಮಕ್ಕಳನ್ನು ಜಪಾನಿಗೆ ಕರೆಸಿ, ಅಲ್ಲಿನ ಮನೆಗಳಲ್ಲಿ ಉಳಿಸಿ ಓದಿಸುವ ನಿಧಿ. ಪಿಸ್ತೂಲಿಲ್ಲದೆಯೂ ಮನೆಯವರು ನಿಶ್ಚಿಂತರಾಗಿ ಬಾಗಿಲು ತೆರೆಯುವುದನ್ನು ಆ ಮಕ್ಕಳು ಕಣ್ಣಾರೆ ಕಂಡು ಹೋಗಲಿ ಎಂಬುದು ಅವರ ಆಸೆಯಾಗಿತ್ತು.