ಧರ್ಮದ ದಟ್ಟಿಗೂ ಮೊಳ ಹಾಕಬೇಕು

"ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ" ಎಂಬ ಗಾದೆಯನ್ನು ದಟ್ಟಿ ಕೊಟ್ಟವರೇ ಕಟ್ಟಿರಬೇಕು ಎಂಬುದು ನನ್ನ ಗುಮಾನಿ. ನಮ್ಮೂರಿನ ಹೆಂಗಸರ ಬಳಗಕ್ಕೆ ಸ್ವಂತದ್ದೊಂದು ಇ-ಮೇಲ್ ಸರ್ವರ್ ಬೇಕೆಂದು ನಾನು ಹೇಳಿದಂದಿನಿಂದ ಹತ್ತಾರು ಮಂದಿ ಈ ಗಾದೆಯನ್ನು ನನ್ನ ಕಿವಿಗೆ ಹಾಕಿದ್ದಾರೆ. "ದೊಡ್ಡ ಕಂಪನಿಗಳೇ ಪುಕ್ಕಟೆ ಕೊಡುವಾಗ ನಿಮಗ್ಯಾಕ್ರೀ ಈ ಉಸಾಬರಿ?" ಹೌದು, ನಾನು ಮೊಳ ಹಾಕುವವಳೇ. ಹಾಕಿ ನೋಡಿದ ಲೆಕ್ಕವನ್ನು ಇಲ್ಲಿ ಒಪ್ಪಿಸುತ್ತೇನೆ.

ನಮ್ಮ ಬಳಗಕ್ಕೆ ಬರುವ ಪತ್ರಗಳೆಲ್ಲ ರಂಗೋಲಿ ಸ್ಪರ್ಧೆಯವಲ್ಲ. ಗಂಡನ ಹೊಡೆತ, ತವರಿನವರು ಕೊಡದ ಆಸ್ತಿಯ ಪಾಲು, ಅರ್ಧಕ್ಕೆ ನಿಂತ ಮಗಳ ಓದು, ಇಂಥವೂ ಇರುತ್ತವೆ. ಕೊನೆಯ ಸಾಲಿನಲ್ಲಿ "ಯಾರಿಗೂ ಹೇಳಬೇಡಿ ಅಕ್ಕಾ" ಎಂದಿರುತ್ತದೆ. ಇಂಥ ಪತ್ರಗಳೆಲ್ಲ ಒಂದು ದೊಡ್ಡ ಕಂಪನಿಯ ಪುಕ್ಕಟೆ ಖಾತೆಯಲ್ಲಿದ್ದವು. ಒಂದು ಬೆಳಿಗ್ಗೆ ಖಾತೆ ತೆರೆಯಲಿಲ್ಲ. ನಿಯಮ ಮೀರಿದ್ದೀರಿ ಎಂದರು; ಯಾವ ನಿಯಮವೆಂದು ಹೇಳಲಿಲ್ಲ. ಮನವಿ ಬರೆದರೆ ಉತ್ತರ ಕೊಟ್ಟದ್ದು ಯಂತ್ರ. ಜಗಳವಾಡೋಣವೆಂದರೆ ಒಂದು ಕೌಂಟರಿಲ್ಲ, ಒಬ್ಬ ಗುಮಾಸ್ತನಿಲ್ಲ. ಮೂರು ವರ್ಷದ ಪತ್ರಗಳು ಹೋದವು. ಉತ್ತರಕ್ಕೆ ಕಾದಿದ್ದ ಹೆಂಗಸರು, ಇವರೂ ನಮ್ಮನ್ನು ಕೈಬಿಟ್ಟರು ಎಂದುಕೊಂಡಿರಬೇಕು. ಪುಕ್ಕಟೆಯ ಬೆಲೆ ಇದು.

ಇನ್ನು ಲೋಕಕ್ಕೆಲ್ಲ ಗೊತ್ತಿರುವ ಲೆಕ್ಕ. ೨೦೦೪ರಲ್ಲಿ ಬಂದ ಜಿಮೇಲ್‌ನಲ್ಲಿ ಪತ್ರದೊಳಗಿನ ಮಾತನ್ನು ಯಂತ್ರ ಓದಿ, ಅದಕ್ಕೆ ತಕ್ಕ ಜಾಹೀರಾತನ್ನು ಪಕ್ಕದಲ್ಲಿ ಇಡುತ್ತಿತ್ತು. ಆ ಪದ್ಧತಿ ಬಿಡುತ್ತೇವೆಂದು ಗೂಗಲ್ ಸಾರಿದ್ದು ೨೦೧೭ರಲ್ಲಿ. ಯಾಹೂವಿನಲ್ಲಿ ೨೦೧೩ರಲ್ಲಿ ನಡೆದ ಕಳ್ಳತನ ಅದರ ೩೦೦ ಕೋಟಿ ಖಾತೆಗಳನ್ನೂ ಮುಟ್ಟಿತ್ತೆಂದು ಒಪ್ಪಿಕೊಂಡದ್ದೂ ೨೦೧೭ರಲ್ಲೇ. ಕಣಜ ದೊಡ್ಡದಾದಷ್ಟೂ ಹೆಗ್ಗಣಕ್ಕೆ ಅನುಕೂಲ.

ಇ-ಮೇಲ್ ಹುಟ್ಟಿದ್ದು ನಾಲ್ಕು ಕಂಪನಿಗಳ ಆಸ್ತಿಯಾಗಿ ಅಲ್ಲ. ೧೯೮೨ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟ ಎಸ್‌ಎಂಟಿಪಿ ಎಂಬ ನಿಯಮಾವಳಿಯೇ ಇವತ್ತಿಗೂ ಅದರ ಬುನಾದಿ. ಅದರ ಪ್ರಕಾರ ಯಾವ ಕಂಪ್ಯೂಟರ್ ಬೇಕಾದರೂ ಅಂಚೆಮನೆಯಾಗಬಹುದು. ಯಾರ ಅಪ್ಪಣೆಯೂ ಬೇಡ.

ಹಾಗಾದರೆ ಕೆಲಸ ಎಷ್ಟು? ಮನೆಯ ಇಂಟರ್‌ನೆಟ್ಟಿನಲ್ಲಿ ನಡೆಯುವುದು ಕಷ್ಟ. ಕರೆಂಟು ಹೋಗುತ್ತದೆ, ವಿಳಾಸದ ಸಂಖ್ಯೆ ಬದಲಾಗುತ್ತಿರುತ್ತದೆ, ಪತ್ರ ಹೊರಡುವ ೨೫ನೆಯ ಪೋರ್ಟನ್ನು ಅನೇಕ ಕಡೆ ಮುಚ್ಚಿಯೇ ಇಟ್ಟಿರುತ್ತಾರೆ. ತಿಂಗಳಿಗೆ ಸುಮಾರು ೫೦೦ ರೂಪಾಯಿ ಬಾಡಿಗೆಗೆ ಸಣ್ಣದೊಂದು ಸರ್ವರ್ ಸಿಗುತ್ತದೆ. ಆ ಪೋರ್ಟ್ ತೆರೆದುಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಪತ್ರ ಪಡೆದು ಕಳಿಸಲು ಪೋಸ್ಟ್‌ಫಿಕ್ಸ್, ಜೋಡಿಸಿಟ್ಟು ತೋರಿಸಲು ಡವ್‌ಕಾಟ್. ಎರಡಕ್ಕೂ ದುಡ್ಡು ಕೊಡಬೇಕಿಲ್ಲ, ಒಳಗೇನಿದೆ ಎಂದು ಯಾರಾದರೂ ಬಿಚ್ಚಿ ನೋಡಬಹುದು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ೨೦೧೫ರಿಂದ ಹಣವಿಲ್ಲದೆ ಕೊಡುತ್ತಿರುವ ಪ್ರಮಾಣಪತ್ರ ಹಾಕಿಕೊಂಡರೆ, ಪತ್ರ ದಾರಿಯಲ್ಲಿ ಕಾರ್ಡಿನ ಹಾಗೆ ಹೋಗದೆ ಲಕೋಟೆಯಲ್ಲಿ ಹೋಗುತ್ತದೆ.

ಅಷ್ಟಕ್ಕೇ ದೊಡ್ಡವರ ಬಾಗಿಲು ತೆರೆಯುವುದಿಲ್ಲ. ನಮ್ಮ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಸರ್ವರಿಗೆ ಹಕ್ಕಿದೆ ಎಂದು ಸಾರುವ ಎಸ್‌ಪಿಎಫ್, ಪತ್ರದ ಮೇಲೆ ಮುದ್ರೆಯೊತ್ತುವ ಡಿಕಿಮ್, ಇವೆರಡೂ ತಾಳೆಯಾಗದಿದ್ದರೆ ಏನು ಮಾಡಬೇಕೆಂದು ತಿಳಿಸುವ ಡಿಮಾರ್ಕ್, ಮೂರನ್ನೂ ಬರೆದಿಡಬೇಕು. ೨೦೨೪ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಎಲ್ಲ ಬರೆದಿಟ್ಟ ಮೇಲೂ ಮೊದಲ ಕೆಲವು ವಾರ ನಮ್ಮ ಪತ್ರಗಳು ಹಲವರ ಸ್ಪ್ಯಾಮ್ ಬುಟ್ಟಿಗೆ ಬಿದ್ದವು. ಹೊಸಬರನ್ನು ಕಳ್ಳರೆಂದು ನೋಡುವುದು ದೊಡ್ಡ ಮನೆಗಳ ಹಳೆಯ ಚಾಳಿ. ಫೋನು ಮಾಡಿ, ಬುಟ್ಟಿಯಿಂದ ಎತ್ತಿಕೊಳ್ಳಿ ಎಂದೆವು. ಈಗ ಸರಿಯಾಗಿ ತಲಪುತ್ತವೆ.

"ಇದೆಲ್ಲ ಹೆಂಗಸರಿಗೆ ತಲೆನೋವು, ಮಗನಿಗೆ ಹೇಳಿ ಮಾಡಿಸಿ" ಎನ್ನುವವರಿದ್ದಾರೆ. ಸರ್ವರ್ ಎಂದರೆ ಉಪ್ಪಿನಕಾಯಿ ಭರಣಿ ಇದ್ದ ಹಾಗೆ ಎಂದು ನನಗೆ ಪಾಠ ಹೇಳಲು ಬಂದವರೂ ಇದ್ದಾರೆ. ಮೂವತ್ತು ವರ್ಷ ಬ್ಯಾಂಕಿನ ಲೆಕ್ಕ ತಾಳೆ ಹಾಕಿದವಳು ನಾನು. ಸ್ವಾಮಿ, ಹೋಲಿಕೆ ಬೇಡ, ಕೈಪಿಡಿ ಕೊಡಿ. ಅದರಲ್ಲಿರುವುದು ಶಿಸ್ತಿನ ಕೆಲಸ: ಅಪರಿಚಿತರ ಪತ್ರವನ್ನು ನಮ್ಮ ಸರ್ವರ್ ಸಾಗಿಸದಂತೆ ನೋಡಿಕೊಳ್ಳುವುದು, ಬೇಡದ ಪೋರ್ಟುಗಳನ್ನು ಮುಚ್ಚುವುದು, ವಾರಕ್ಕೊಮ್ಮೆ ತಂತ್ರಾಂಶ ಹೊಸದು ಮಾಡುವುದು, ರಾತ್ರಿ ರಾತ್ರಿ ಬೇರೊಂದು ಕಡೆಗೆ ನಕಲು ಇಳಿಸುವುದು, ತಿಂಗಳಿಗೊಮ್ಮೆ ಆ ನಕಲಿನಿಂದ ಒಂದು ಪತ್ರ ತೆಗೆದು ಓದಲು ಬರುತ್ತದೆಯೇ ಎಂದು ಪರೀಕ್ಷಿಸುವುದು.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ ಪ್ರಶ್ನೆ ಬಳಗದ ಒಬ್ಬ ಹುಡುಗಿಯದು. "ಅಕ್ಕಾ, ಸರ್ವರ್ ನೋಡಿಕೊಳ್ಳುವ ನೀವೂ ನಮ್ಮ ಪತ್ರ ಓದಬಹುದಲ್ಲ? ಕಂಪನಿಗೂ ನಿಮಗೂ ಏನು ವ್ಯತ್ಯಾಸ?" ಓದಬಹುದು, ನಿಜ. ದಾರಿಯ ಲಕೋಟೆ ಅಂಚೆಮನೆಯೊಳಗೆ ಬಿಚ್ಚಿಕೊಳ್ಳುತ್ತದೆ. ಎದುರಿನವರ ಖಾತೆ ದೊಡ್ಡ ಕಂಪನಿಯಲ್ಲಿದ್ದರೆ ಒಂದು ಪ್ರತಿ ಅಲ್ಲಿಯೂ ಇರುತ್ತದೆ. ಹೆಂಡತಿಯ ಫೋನು ಕಸಿದುಕೊಂಡು ಓದುವ ಗಂಡನನ್ನಂತೂ ಯಾವ ಸರ್ವರೂ ತಡೆಯದು. ಆದರೆ ವ್ಯತ್ಯಾಸವಿದೆ. ನಾನು ಇದೇ ಊರಿನ ಬೀದಿಯಲ್ಲಿದ್ದೇನೆ. ನನ್ನನ್ನು ಸಭೆಯಲ್ಲಿ ನಿಲ್ಲಿಸಿ ಕೇಳಬಹುದು. ಆ ಹುಡುಗಿ ಕೇಳಿದ್ದರಿಂದಲೇ ನಮ್ಮಲ್ಲಿ ನಿಯಮಗಳಾದವು: ಬೀಗದ ಕೈ ಇಬ್ಬರ ಹತ್ತಿರ, ಒಬ್ಬರು ಒಳಹೊಕ್ಕರೆ ಇನ್ನೊಬ್ಬರಿಗೆ ತಿಳಿಯಬೇಕು, ಬರೆದವಳು ಕೇಳಿದ ದಿನವೇ ಅವಳ ಪತ್ರ ಅಳಿಸಬೇಕು. ಈಗ ಎರಡನೆಯ ಕೈ ಆ ಹುಡುಗಿಯ ಹತ್ತಿರವೇ ಇದೆ. ಯಾವ ಕಂಪನಿ ನಿಮ್ಮ ಪ್ರಶ್ನೆಗೆ ಹೀಗೆ ತಲೆಬಾಗಿದೆ, ಹೇಳಿ.

ಮನೆಮನೆಗೂ ಸರ್ವರ್ ಬೇಕೆಂದು ನನ್ನ ಹಟವಲ್ಲ. ನೋಡಿಕೊಳ್ಳುವವರಿಲ್ಲದ ಸರ್ವರ್ ಬಾಗಿಲಿಲ್ಲದ ಮನೆ. ಅದು ಇಲ್ಲದಿರುವುದೇ ಲೇಸು. ಆದರೆ ನಂಬಿ ಬರೆದವರ ಗುಟ್ಟು ಕಾಯುವ ಯಾವುದೇ ಬಳಗ, ಅದನ್ನು ಹೆಸರಿಲ್ಲದ ಯಂತ್ರದ ಮರ್ಜಿಗೆ ಬಿಟ್ಟು ಕೈತೊಳೆದುಕೊಳ್ಳಬಾರದು. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಮಾತೆತ್ತಿ. ಹಣ ಎಷ್ಟೆಂದು ಆಮೇಲೆ ಕೇಳಿದರಾಯಿತು. ವಾರಕ್ಕೊಂದು ಗಂಟೆ ಕೊಡುವ ಇಬ್ಬರು ಯಾರು ಎಂದು ಮೊದಲು ಕೇಳಿ.